ಉಭಯ ಕುಶಲೋಪರಿ

ನಮ್ಮ ಹಿರಿಯರು ಕಾಗದ ಬರೆಯುವಾಗ ಪ್ರಾರಂಭದಲ್ಲಿಯೇ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಒಂದು ಮಾತು ಹಾಕುತ್ತಿದ್ದರಷ್ಟೆ. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇವೆ, ಇನ್ನು ಮುಂದಿನ ವಿಚಾರವೇನೆಂದರೆ ಎಂಬುದು ಅದರ ತಾತ್ಪರ್ಯ. ಸಾಲ ಕೇಳುವ ಕಾಗದವಾಗಲಿ, ಹೆಣ್ಣು ನೋಡಲು ಕರೆಯುವ ಕಾಗದವಾಗಲಿ, ಹೊಲದ ಬದುವಿನ ತಕರಾರಿನ ಕಾಗದವೇ ಆಗಲಿ, ಈ ಮಾತಿಲ್ಲದೆ ಮುಂದಕ್ಕೆ ಹೋಗುವಂತಿರಲಿಲ್ಲ. ನನ್ನ ತಾತ ಅಕ್ಷರ ಅರಿಯದವರು. ಬೇರೆಯವರ ಕೈಯಲ್ಲಿ ಕಾಗದ ಬರೆಯಿಸುವಾಗಲೂ ‘ಮೊದ್ಲು ಆ ಕುಶಲದ ಮಾತು ಹಾಕಿ ಸ್ವಾಮಿ, ಆಮ್ಯಾಲೆ ನನ್ ಗೋಳು’ ಎನ್ನುತ್ತಿದ್ದರೆಂದು ನಮ್ಮ ತಾಯಿ ಹೇಳುವುದುಂಟು.

ಇಂದು ನಮ್ಮ ಸೇವಾಸಂಘಗಳಿಂದ ಸದಸ್ಯರಿಗೆ ಬರುವ ಕಾಗದ ಯಾವ ರೀತಿಯದು? ‘ನಾಳೆ ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ಎಲ್ಲರೂ ಕಡ್ಡಾಯವಾಗಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು.’ ಇದು ವಾಟ್ಸಾಪಿನ ಮೂಲಕ ರಾತ್ರಿ ಹತ್ತು ಗಂಟೆಗೆ ಬರುತ್ತದೆ. ಕುಶಲದ ಮಾತು ಎಲ್ಲಿಯೋ ಕಳೆದುಹೋಯಿತು, ‘ಮುಂದಿನ ವಿಚಾರ’ವೊಂದೇ ಉಳಿಯಿತು. ಅನಂತರ ಸಭೆಗೆ ಜನ ಬಾರದೆ ಕುರ್ಚಿಗಳು ಖಾಲಿ ಬಿದ್ದಾಗ, ‘ಈಗಿನ ಹುಡುಗರಿಗೆ ಸೇವಾ ಮನೋಭಾವವೇ ಇಲ್ಲ’ ಎಂದು ಅಧ್ಯಕ್ಷರು ಭಾಷಣ ಮಾಡುತ್ತಾರೆ. ವಿಚಿತ್ರವೇನೆಂದರೆ ಆ ಭಾಷಣವನ್ನು ಕೇಳಬೇಕಾದವರು ಬಂದೇ ಇರುವುದಿಲ್ಲ. ಬಂದಿರುವ ಹತ್ತು ಜನ, ಯಾವ ತಪ್ಪನ್ನೂ ಮಾಡದವರು, ಅದನ್ನು ಕೇಳಿ ಮನೆಗೆ ಹೋಗುತ್ತಾರೆ.

ಸದಸ್ಯರು ಸಂಘವನ್ನು ಬಿಟ್ಟುಹೋಗುವುದು ಆಸಕ್ತಿ ಸತ್ತುದರಿಂದಲ್ಲ, ಬಾರದೆ ಹೋದ ದಿನ ‘ಯಾಕೆ ಬರಲಿಲ್ಲ, ಏನಾಯಿತು’ ಎಂದು ಒಬ್ಬರೂ ಕೇಳದೆ ಇದ್ದುದರಿಂದ ಎಂಬುದು ನನ್ನ ಅಭಿಪ್ರಾಯ. ಊರಿಗೆಲ್ಲ ಉಪಕಾರ ಮಾಡಹೊರಟವರು ಪಕ್ಕದ ಕುರ್ಚಿಯವನ ಮುಖ ನೋಡದೆ ಹೋದರೆ ಅದನ್ನು ಸೇವೆಯೆಂದು ಕರೆಯುವುದು ಹೇಗೆ? ಈ ಮಾತನ್ನು ಹೇಳಲು ನನಗೆ ಅಧಿಕಾರವಿದೆಯೋ ಇಲ್ಲವೋ, ಅನುಭವವಂತೂ ಇದೆ. ಏಕೆಂದರೆ ಹಾಗೆ ಕೇಳದೆ ಇದ್ದವರಲ್ಲಿ ನಾನೇ ಮೊದಲನೆಯವನು.

ನಾನು 2023ರಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ಬಿ.ಎ. ಓದಲು ದುರ್ಗಕ್ಕೆ ಬಂದವನು. ಬಂದ ವರ್ಷವೇ ಇಲ್ಲಿಯ ಒಂದು ಸೇವಾಸಂಘಕ್ಕೆ ಸೇರಿದೆ. ಅದರ ಹೆಸರು ಬೇಡ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ತಾಲ್ಲೂಕಿನ ವಿದ್ಯಾರ್ಥಿಗಳು ಅದರಲ್ಲಿದ್ದರು. ಒಂದು ಕಾಲಕ್ಕೆ ನಲವತ್ತು ಜನವಿದ್ದೆವು. ಚಂದ್ರವಳ್ಳಿಯ ಕೆರೆಯ ದಂಡೆಯಲ್ಲಿ ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ಕನ್ನು ಆಯುವುದು, ರಕ್ತದಾನ ಶಿಬಿರದಲ್ಲಿ ಜನರನ್ನು ಸಾಲಿನಲ್ಲಿ ನಿಲ್ಲಿಸುವುದು, ಭಾನುವಾರ ಕೊಳೆಗೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಇಂತಹ ಕೆಲಸಗಳು. ಎರಡನೆಯ ವರ್ಷ ನನ್ನನ್ನು ಸಹಕಾರ್ಯದರ್ಶಿಯನ್ನಾಗಿ ಮಾಡಿ ಹಾಜರಿ ಪುಸ್ತಕವನ್ನು ಕೈಗೆ ಕೊಟ್ಟರು. ನಮ್ಮ ಮನೆತನದಲ್ಲಿ ‘ಕಾರ್ಯದರ್ಶಿ’ ಎಂಬ ಶಬ್ದ ಸೇರಿದ ಮೊದಲನೆಯ ಹೆಸರು ನನ್ನದು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮೂರು ಸಭೆಗಳಿಗೆ ಸಾಲಾಗಿ ಗೈರುಹಾಜರಾದವರ ಹೆಸರನ್ನು ಹೊಡೆದುಹಾಕತಕ್ಕದ್ದೆಂಬ ನಿಯಮವಿತ್ತು. ಕೆಂಪು ಶಾಯಿಯ ಪೆನ್ನೊಂದನ್ನು ಕೊಂಡುತಂದು, ಅಡಿಪಟ್ಟಿ ಇಟ್ಟು, ನೆಟ್ಟಗೆ ಗೆರೆ ಎಳೆಯತೊಡಗಿದೆ. 2024ರ ಕೊನೆಯ ಹೊತ್ತಿಗೆ ಪುಸ್ತಕದಲ್ಲಿ ಗೆರೆ ಬೀಳದೆ ಉಳಿದ ಹೆಸರುಗಳು ಹನ್ನೊಂದು. ಶಿಸ್ತು ಬಂದಿತೆಂದು ಆಗ ತಿಳಿದಿದ್ದೆ.

ಗೆರೆ ಬಿದ್ದವರಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಸಹಪಾಠಿನಿ ಇದ್ದಳು. ಆಕೆಗೆ ಆಸಕ್ತಿಯಿಲ್ಲವೆಂದು ಸಭೆಯಲ್ಲಿ ನಾನೇ ವರದಿ ಓದಿದ್ದೆ. ಕೆಲವು ದಿನಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಎದುರಾದಾಗ, ‘ಏಕೆ ಬಿಟ್ಟುಬಿಟ್ಟಿರಿ?’ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಆಕೆ ನಕ್ಕು, ‘ನೀವು ನಾಲ್ಕೂವರೆಗೆ ಸಭೆ ಕರೀತೀರಿ. ನಮ್ಮೂರಿನ ಬಸ್ಸು ನಾಲ್ಕೂಮುಕ್ಕಾಲಿಗೆ. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಇಳಿದ ಮೇಲೆ ಎರಡು ಮೈಲಿ ನಡೀಬೇಕು. ಸಭೇಲಿ ಪ್ರಾರ್ಥನೆ ಮುಗಿಯೋ ಹೊತ್ತಿಗೇ ಬಸ್ಸು ಹೊರಟಿರುತ್ತೆ’ ಎಂದಳು. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಉಚಿತವಾಯಿತು. ಆದರೆ ಹೊತ್ತು ಉಚಿತವಾಗಿಲ್ಲವಲ್ಲ! ಸಭೆಯನ್ನು ನಾಲ್ಕೂವರೆಗೆ ಕರೆಯುವುದೇಕೆ ಎಂದು ಯೋಚಿಸಿದೆ. ಊರಿನಲ್ಲಿಯೇ ಮನೆಯಿರುವ ಪದಾಧಿಕಾರಿಗಳಿಗೆ ಅದು ಕಾಫಿ ಕುಡಿದು ಬರುವ ಹೊತ್ತು, ಅಷ್ಟೆ. ಬೇರೆ ಕಾರಣವೇನೂ ಸಿಕ್ಕಲಿಲ್ಲ.

ಇನ್ನೊಬ್ಬ ಹಿರಿಯೂರು ಕಡೆಯ ಹುಡುಗ, ನಮಗಿಂತ ಒಂದು ವರ್ಷ ಕಿರಿಯ. ಬಂದ ಹೊಸದರಲ್ಲಿ ಬಹಳ ಉತ್ಸಾಹಿ. ಕ್ರಮೇಣ ಸಭೆಯಲ್ಲಿ ತೂಕಡಿಸಲು ಮೊದಲುಮಾಡಿದ. ‘ಕುಂಭಕರ್ಣ’ ಎಂದು ಹೆಸರಿಟ್ಟೆವು. ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಮೂರು ಸಭೆ, ಕೆಂಪು ಗೆರೆ.

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದುದು ಎಲ್ಲರಿಗೂ ನೆನಪಿರಬಹುದು. 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯ 1933ರಲ್ಲೊಮ್ಮೆ ತುಂಬಿ ಹರಿದುದು ಬಿಟ್ಟರೆ ಮತ್ತೆ ಹರಿದುದು 2022ರಲ್ಲಿ. ಹೀಗಿರುವಾಗ ಮೂರೇ ವರ್ಷದೊಳಗೆ ಪುನಃ ಕೋಡಿ ಬಿದ್ದಿತೆಂದರೆ ಜನ ಜಾತ್ರೆಯಂತೆ ನೆರೆದುದರಲ್ಲಿ ಆಶ್ಚರ್ಯವಿಲ್ಲ. ಜಾತ್ರೆಯ ಹಿಂದೆಯೇ ಕಸ. ಅದನ್ನು ಆಯಲು ನಾವು ಹನ್ನೊಂದು ಜನ ಹೋದೆವು. ಹಿಂದಿರುಗುವಾಗ ಹೆದ್ದಾರಿಯ ಬದಿಯ ಒಂದು ಢಾಬಾದಲ್ಲಿ ಚಹಾ ಕುಡಿಯಲು ಇಳಿದೆವು. ಮೇಜು ಒರೆಸಲು ಬಂದವನು ನಮ್ಮ ಕುಂಭಕರ್ಣ.

ತೋಟದ ಕೊಳವೆಬಾವಿ ಬತ್ತಿ, ಹೊಸದು ಕೊರೆಯಿಸಿ ಅದರಲ್ಲಿಯೂ ನೀರು ಬಾರದೆ, ಮನೆ ಸಾಲಕ್ಕೆ ಬಿದ್ದಿತ್ತು. ಕಾಲೇಜು ಮುಗಿಸಿಕೊಂಡು ಬಸ್ಸು ಹತ್ತಿ ಬಂದು, ರಾತ್ರಿ ಎರಡರವರೆಗೆ ಅಲ್ಲಿ ದುಡಿದು, ಬೆಳಿಗ್ಗೆ ಮತ್ತೆ ಕಾಲೇಜಿಗೆ ಬರುತ್ತಿದ್ದನಂತೆ. ಅಂತಹವನು ಸಭೆಯಲ್ಲಿ ನಿದ್ದೆಹೋದುದು ಆಶ್ಚರ್ಯವಲ್ಲ, ಅಷ್ಟು ದಿನ ಸಭೆಗೆ ಬಂದುದೇ ಆಶ್ಚರ್ಯ. ಇದನ್ನು ಅವನು ಅಂದು ಹೇಳಲಿಲ್ಲ, ಆಮೇಲೆ ತಿಳಿದುದು. ಅಂದು ಅವನು ಎಲ್ಲರಿಗೂ ಚಹಾ ತಂದಿಟ್ಟು, ಉಳಿದವರು ಕೈತೊಳೆಯಲು ಎದ್ದಾಗ ನನ್ನ ಹತ್ತಿರ ಬಂದು ಮೆಲ್ಲಗೆ, ‘ಅಣ್ಣಾ, ನನ್ನೆಸ್ರು ಇನ್ನೂ ಬುಕ್ಕಲ್ಲಿ ಐತಾ?’ ಎಂದು ಕೇಳಿದ.

‘ಐತೆ ಕಣೋ’ ಎಂದೆ.

ಆ ರಾತ್ರಿ ಹಾಸ್ಟೆಲಿನಲ್ಲಿ ಪುಸ್ತಕ ತೆಗೆದು ನೋಡಿದೆ. ಕೆಂಪು ಶಾಯಿ ಅಳಿಯುವಂತಹುದಲ್ಲ. ಕೊನೆಯ ಪುಟದಲ್ಲಿ ಅವನ ಹೆಸರನ್ನು ಹೊಸದಾಗಿ ಬರೆದೆ. ಹೇಳಿದ ಸುಳ್ಳನ್ನು ನಿಜಮಾಡಲು ಬೇರೆ ದಾರಿ ತೋರಲಿಲ್ಲ.

ಇದಾದ ಮೇಲೆ, ಸಂಘ ಎಂಬ ಶಬ್ದ ಎಲ್ಲಿಂದ ಬಂತು, ಅದರ ಹಿಂದಿನ ಭಾವನೆಯೇನು ಎಂದು ಇತಿಹಾಸದ ಪಾಠದ ಜೊತೆಯಲ್ಲಿಯೇ ಹುಡುಕತೊಡಗಿದೆ. ದೂರ ಹೋಗಬೇಕಾಗಿರಲಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಬಂಡೆಗಲ್ಲಿನ ಶಾಸನವಿದೆ. ತಾನು ಉಪಾಸಕನಾಗಿ ಮೊದಮೊದಲು ಹೆಚ್ಚು ಪ್ರಯತ್ನ ಮಾಡಲಿಲ್ಲವೆಂದೂ ಸಂಘವನ್ನು ಸೇರಿಬಂದ ಮೇಲೆ ಶ್ರಮವಹಿಸಿ ನಡೆದೆನೆಂದೂ ಚಕ್ರವರ್ತಿ ಅದರಲ್ಲಿ ಹೇಳಿಕೊಂಡಿದ್ದಾನೆ. ‘ಸಂಘ’ವೆಂಬ ಮಾತು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ನಮ್ಮ ಜಿಲ್ಲೆಯ ಕಲ್ಲಿನ ಮೇಲೆ ಕುಳಿತಿತ್ತು! ಅದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದುದು ಆ ಶಾಸನದ ಆರಂಭ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ರಾಜಾಜ್ಞೆ ಅದು. ಆಜ್ಞೆಯೆಂದ ಮೇಲೆ ನೇರವಾಗಿ ಆಜ್ಞಾಪಿಸಬಹುದಾಗಿತ್ತು. ಹಾಗೆ ಮಾಡದೆ, ಮೊದಲು ಅಲ್ಲಿಯವರಿಗೆ ಆರೋಗ್ಯವನ್ನು ಹೇಳಬೇಕು, ಆಮೇಲೆ ಈ ವಿಷಯವನ್ನು ತಿಳಿಸಬೇಕು ಎಂದು ಶುರುವಾಗುತ್ತದೆ. ನಮ್ಮ ತಾತನ ‘ಮೊದ್ಲು ಆ ಕುಶಲದ ಮಾತು ಹಾಕಿ’ ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಚಕ್ರವರ್ತಿಯ ಅಧಿಕಾರಿಗಳಿಗೆ ಇದ್ದ ವ್ಯವಧಾನ ನಮ್ಮ ಸಂಘದ ಸಹಕಾರ್ಯದರ್ಶಿಗೆ ಇರಲಿಲ್ಲ.

ಬುದ್ಧನ ಸಂಘದಲ್ಲಿಯೂ ಈ ತೊಡಕು ಇದ್ದಿತೆಂಬುದಕ್ಕೆ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಭಿಕ್ಷುವೊಬ್ಬ ಹೊಟ್ಟೆಯ ಬೇನೆಯಿಂದ ತನ್ನ ಹೊಲಸಿನಲ್ಲಿ ತಾನೇ ಬಿದ್ದಿರುತ್ತಾನೆ. ಬುದ್ಧನೂ ಆನಂದನೂ ಅಲ್ಲಿಗೆ ಬರುತ್ತಾರೆ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಬುದ್ಧ ಕೇಳಿದರೆ, ನಾನು ಇತರ ಭಿಕ್ಷುಗಳಿಗೆ ಯಾವ ಪ್ರಯೋಜನಕ್ಕೂ ಬಾರದವನು, ಅದರಿಂದ ಅವರು ನನ್ನನ್ನು ನೋಡುವುದಿಲ್ಲ ಎನ್ನುತ್ತಾನೆ ಅವನು. ಆಗ ಬುದ್ಧನೇ ನೀರು ಸುರಿದು, ಆನಂದ ಮೈತೊಳೆದು, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಬಳಿಕ ಭಿಕ್ಷುಗಳನ್ನು ಕರೆದು, ತಂದೆತಾಯಿಗಳನ್ನು ಬಿಟ್ಟುಬಂದ ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನು ಯಾರು ನೋಡಿಕೊಳ್ಳಬೇಕು ಎಂದು ವಿಚಾರಿಸುತ್ತಾನೆ. ‘ಪ್ರಯೋಜನಕ್ಕೆ ಬಾರದವನು, ಅದರಿಂದ ನೋಡುವುದಿಲ್ಲ’ ಎಂಬ ಲೆಕ್ಕ ಇದೆಯಲ್ಲ, ನಮ್ಮ ಮೂರು ಸಭೆಯ ನಿಯಮ ಅದೇ ಲೆಕ್ಕ.

ಇನ್ನು ಈ ಕಾಲದ ಸೇವಾಸಂಸ್ಥೆಗಳ ಮಾತು. ರೋಟರಿ ಸಂಸ್ಥೆಯನ್ನು ನಾವೆಲ್ಲ ಶಾಲೆಗೆ ಬೆಂಚು ಕೊಡುವವರು, ಪೋಲಿಯೊ ಹನಿ ಹಾಕಿಸುವವರು ಎಂದು ಬಲ್ಲೆವು. ಅದು ಹುಟ್ಟಿದುದು ಪರೋಪಕಾರಕ್ಕಾಗಿ ಅಲ್ಲವೆಂದು ತಿಳಿದಾಗ ನನಗೆ ಸೋಜಿಗವಾಯಿತು. ಪಾಲ್ ಹ್ಯಾರಿಸ್ ಎಂಬ ವಕೀಲ, ಅಮೆರಿಕದ ವರ್ಮಾಂಟಿನ ಚಿಕ್ಕ ಊರಿನಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆದವನು, ಷಿಕಾಗೋ ಮಹಾನಗರಕ್ಕೆ ಬಂದು ಒಂಟಿತನದಿಂದ ಬಳಲಿದ. ತನ್ನ ಊರಿನಲ್ಲಿ ದಾರಿಯಲ್ಲಿ ಕಂಡವರೆಲ್ಲ ಮಾತನಾಡಿಸುತ್ತಿದ್ದರು. ಇಲ್ಲಿ ಯಾರಿಗೂ ಯಾರೂ ಇಲ್ಲ. 1905ರ ಫೆಬ್ರವರಿ 23ರಂದು ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರು, ಒಬ್ಬ ದರ್ಜಿ ವೃತ್ತಿಯವ, ಇವರೊಡನೆ ಕುಳಿತು ಆರಂಭಿಸಿದ ಗೆಳೆಯರ ಕೂಟ ಅದು. ಒಮ್ಮೆ ಒಬ್ಬನ ಕಚೇರಿಯಲ್ಲಿ, ಇನ್ನೊಮ್ಮೆ ಮತ್ತೊಬ್ಬನ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು. ಊರಿನ ಕೆಲಸಕ್ಕೆ ಕೈಹಾಕಿದುದು ಎರಡು ವರ್ಷಗಳ ತರುವಾಯ, 1907ರಲ್ಲಿ. ಅದೂ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಕೆಲಸ. ಅದೊಂದು ಸ್ವರ್ಗವಾಗಿತ್ತೆಂದೇನೂ ನಾನು ಹೇಳುವುದಿಲ್ಲ. ಸದಸ್ಯರು ತಮ್ಮತಮ್ಮೊಳಗೆ ವ್ಯಾಪಾರ ಕುದುರಿಸಿಕೊಳ್ಳುವುದೂ ಅದರಲ್ಲಿ ಸೇರಿತ್ತು, ಹೆಂಗಸರಿಗೆ ಅದರ ನಿಯಮಾವಳಿ ಬಾಗಿಲು ತೆರೆದುದು 1989ರಲ್ಲಿ. ಹಾಜರಿಯ ವಿಷಯದಲ್ಲಿ ಬಹಳ ಬಿಗಿಯೆಂದು ಹೆಸರಾದ ಆ ಸಂಸ್ಥೆಯೂ 2016ರಲ್ಲಿ, ಸಭೆ ಹಾಜರಿಗಳ ನಿಯಮವನ್ನು ಆಯಾ ಕ್ಲಬ್ಬು ಸಡಿಲಿಸಿಕೊಳ್ಳಬಹುದೆಂದು ಒಪ್ಪಿತು. ನಮ್ಮ ಪುಟ್ಟ ಸಂಘ ಮಾತ್ರ ಕೆಂಪು ಶಾಯಿಯನ್ನು ಬಿಡಲು ಒಪ್ಪದು!

ನಮ್ಮ ನಾಡಿನಲ್ಲಿಯೇ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹುಬ್ಬಳ್ಳಿಯಿಂದ ಕಟ್ಟಿದ ಸೇವಾದಳವನ್ನು ನೆನೆಯಬಹುದು. ಆ ವರ್ಷ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಎಷ್ಟೋ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ, ಹುಬ್ಬಳ್ಳಿಯ ಸ್ವಯಂಸೇವಕರು ಜಗ್ಗದೆ ಉಳಿದರೆಂಬುದು ಪ್ರಸಿದ್ಧ. ಅಂತಹ ಗಟ್ಟಿತನ ನಿಯಮದ ಪುಸ್ತಕದಿಂದ ಬಂದಿರಲಾರದು, ಪಕ್ಕದವನು ನನ್ನ ಜೊತೆಗಿದ್ದಾನೆಂಬ ನಂಬಿಕೆಯಿಂದ ಬಂದಿರಬೇಕೆಂದು ನನ್ನ ಊಹೆ. ಊಹೆಯೆಂದೇ ಹೇಳುತ್ತಿದ್ದೇನೆ; ಚರಿತ್ರೆಯ ಉಪನ್ಯಾಸಕರು ತಿದ್ದಿದರೆ ತಿದ್ದಿಸಿಕೊಳ್ಳಲು ಸಿದ್ಧ.

ಕಾಲೇಜಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ರಾಷ್ಟ್ರೀಯ ಸೇವಾ ಯೋಜನೆ ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳಿಂದ ಆರಂಭವಾಯಿತು. ವರ್ಷಕ್ಕೆ 120 ಗಂಟೆಗಳ ಸೇವೆ, ಏಳು ದಿನಗಳ ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ಬಹಳ ದೊಡ್ಡ ಮಾತು. ಆದರೆ ಆ ‘ನೀನು’ ಯಾರು? ಕೊಳೆಗೇರಿಯ ಮಗು, ಹಳ್ಳಿಯ ಮುದುಕಿ, ಆಸ್ಪತ್ರೆಯ ರೋಗಿ, ನಿಜ. ನನ್ನ ಜೊತೆಯಲ್ಲಿಯೇ ಪೊರಕೆ ಹಿಡಿದು ನಿಂತವನು ಆ ‘ನೀನು’ ಅಲ್ಲವೇ? ಅವನು ಬೆಳಿಗ್ಗೆ ಏನು ತಿಂದು ಬಂದ ಎಂದು ಕೇಳಲು 120 ಗಂಟೆಗಳಲ್ಲಿ ಒಂದು ನಿಮಿಷ ಸಿಕ್ಕದೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಸಂಘದಲ್ಲಿಯೇ ಬಂದಿತು. ‘ಸೇವಾಸಂಘವೆಂದರೆ ಸದಸ್ಯರ ಸಹಾಯನಿಧಿಯೇ? ನಮ್ಮನ್ನು ನಾವು ನೋಡಿಕೊಳ್ಳುತ್ತ ಕುಳಿತರೆ ಊರನ್ನು ನೋಡುವವರು ಯಾರು?’ ಎಂದು. ತೆಗೆದುಹಾಕುವ ಮಾತಲ್ಲ. ಒಳಗಿನವರ ಮುಖ ಒಳಗಿನವರೇ ನೋಡಿಕೊಳ್ಳುವ ಕೂಟಗಳು ಎಷ್ಟೋ ಇವೆ. ಜಾತಿಯ ಹೆಸರಿನಲ್ಲಿ ಬೇರೆ ಇವೆ. ಆದರೆ ನಮ್ಮ ರೋಗ ಅದಲ್ಲ, ಅದರ ತಿರುವುಮುರುವು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಹೊಸದುರ್ಗದ ಕಡೆ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿದೆ. ಇಂದು ನಿನ್ನ ಹೊಲಕ್ಕೆ ನಮ್ಮ ಮನೆಯಾಳು, ನಾಳೆ ನಮ್ಮ ಹೊಲಕ್ಕೆ ನಿನ್ನ ಮನೆಯಾಳು. ಕಳೆ ಕೀಳುವ ದಿನ ಒಂದು ಮನೆಯವರು ಬಾರದಿದ್ದರೆ ಅವರ ಹೆಸರಿಗೆ ಗೆರೆ ಎಳೆಯುವುದಿಲ್ಲ. ಮೊದಲು ಒಬ್ಬರು ಹೋಗಿ ಬಾಗಿಲು ತಟ್ಟುತ್ತಾರೆ: ‘ಏನಮ್ಮ, ಮೈಗೆ ಉಷಾರಿಲ್ವ? ದನ ಈದೈತಾ?’ ಎಂದು. ನಮ್ಮ ತಾಯಿಯ ಸ್ತ್ರೀಶಕ್ತಿ ಸಂಘದಲ್ಲಿಯೂ ಅಷ್ಟೆ. ಸರ್ಕಾರ 2000-01ರಲ್ಲಿ ತಂದ ಯೋಜನೆ ಅದು; ವಾರವಾರ ಸೇರಿ ಉಳಿತಾಯದ ಹಣ ಕಟ್ಟುತ್ತಾರೆ. ವಾರಕ್ಕೊಮ್ಮೆ ಒಬ್ಬಳು ಬಾರದಿದ್ದರೆ ಸಂಜೆಯೊಳಗೆ ಇಬ್ಬರು ಅವಳ ಮನೆಯ ಮುಂದೆ ಹಾಜರು. ಸಾಲದ ಕಂತಿನ ಭಯವೂ ಅದಕ್ಕೆ ಕಾರಣವೆನ್ನಿ! ಇದ್ದರೂ ಇರಲಿ. ಭಯದಿಂದಲಾದರೂ ಕೇಳಿದ ಮೇಲೆ ಕಷ್ಟ ಕಿವಿಗೆ ಬೀಳುತ್ತದೆ.

ಸಹಾಯವೆಂದರೆ ಹಣ ಎಂದು ತಿಳಿಯುವುದೂ ಒಂದು ದೊಡ್ಡ ಭ್ರಮೆ. ಆ ಹಿರಿಯೂರಿನ ಹುಡುಗನ ಸಂಗತಿ ತಿಳಿದ ಕೂಡಲೆ ನಮ್ಮ ಸಂಘದಲ್ಲಿ ಉತ್ಸಾಹ ಉಕ್ಕಿಬಂದಿತು. ಚಂದಾ ಎತ್ತೋಣ, ಒಂದು ಸಣ್ಣ ಸಮಾರಂಭ ಮಾಡೋಣ, ಶಾಲು ಹೊದಿಸಿ ಹಣ ಕೊಡೋಣ, ಫೋಟೋ ಪತ್ರಿಕೆಗೆ ಕಳುಹಿಸೋಣ ಎಂದರು. ನಾನೂ ಹೂಂ ಎಂದು, ಅವನಿಗೆ ಫೋನು ಮಾಡಿ ಹೇಳಿಯೂಬಿಟ್ಟೆ. ಆ ಕಡೆಯಿಂದ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಕಟ್ಟಾಯಿತು. ಒಂದು ತಿಂಗಳವರೆಗೆ ಅವನು ನನ್ನ ಕರೆಯನ್ನು ತೆಗೆಯಲಿಲ್ಲ. ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮೊದಲನೆಯ ವರ್ಷ ಹಾಸ್ಟೆಲಿನ ಸೀಟು ಸಿಗುವುದು ತಡವಾಗಿ, ಎರಡು ತಿಂಗಳು ಪರಿಚಯದವರ ಅಂಗಡಿಯ ಅಟ್ಟದ ಮೇಲೆ ಮೂಟೆಗಳ ನಡುವೆ ಮಲಗಿದವನು ನಾನು. ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರಾದರೂ ಅದಕ್ಕೆ ಶಾಲು ಹೊದಿಸಲು ಬಂದಿದ್ದರೆ ದುರ್ಗವನ್ನೇ ಬಿಟ್ಟು ಓಡುತ್ತಿದ್ದೆ. ನಮ್ಮಂಥ ಮನೆಗಳಿಂದ ಓದಲು ಬಂದವರಿಗೆ ಬಡತನಕ್ಕಿಂತ ಬಡತನ ಬಯಲಾಗುವುದರ ಹೆದರಿಕೆ ದೊಡ್ಡದು. ಆದುದರಿಂದ ಕ್ಷೇಮ ವಿಚಾರಿಸುವುದು ಸಭೆಯ ನಡುವೆ ಮೈಕಿನಲ್ಲಿ ಆಗತಕ್ಕ ಕೆಲಸವಲ್ಲ. ಒಬ್ಬನು ಒಬ್ಬನನ್ನು, ದಾರಿಯಲ್ಲಿ ನಡೆಯುತ್ತ, ಬೇರೇನನ್ನೋ ಮಾತನಾಡುತ್ತ ಕೇಳಬೇಕು. ಉತ್ತರ ಬಾರದಿದ್ದರೆ ಕೆದಕಬಾರದು. ಹುಟ್ಟುಹಬ್ಬದ ದಿನ ವಾಟ್ಸಾಪಿನಲ್ಲಿ ನಲವತ್ತು ಜನ ಹೂವಿನ ಚಿತ್ರ ಕಳುಹಿಸುವುದನ್ನು ಕೆಲವರು ಸದಸ್ಯರ ಬಗೆಗಿನ ಕಾಳಜಿಯೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಅದರಿಂದ ಹಾನಿಯಿಲ್ಲ, ಅಷ್ಟನ್ನೇ ಹೇಳಬಲ್ಲೆ.

ಕೊನೆಗೆ ಒಂದು ಭಾನುವಾರ ಒಬ್ಬನೇ ಬಸ್ಸು ಹತ್ತಿ ಹೋದೆ. ಏನು ಬೇಕೆಂದು ಕೇಳಿದೆ. ‘ದುಡ್ಡು ಬ್ಯಾಡಣ್ಣ. ನೋಟ್ಸ್ ಇದ್ರೆ ಕೊಡಿ. ಬೆಳಿಗ್ಗೆ ಮೊದ್ಲನೇ ಪೀರಿಯಡ್ ನಂಗೆ ಯಾವತ್ತೂ ತಪ್ಪೋಗುತ್ತೆ’ ಎಂದ. ನನ್ನ ಹಿಂದಿನ ವರ್ಷದ ನೋಟ್ಸು ಹಾಸ್ಟೆಲಿನ ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಅಷ್ಟಕ್ಕಾಗಿ ಅವನು ಆರು ತಿಂಗಳು ಕಾದಿದ್ದ.

ಸದಸ್ಯರು ಉಳಿಯದಿರಲು ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅವರಿಗೆ ಕೆಲಸ ಕೊಡುವುದಿಲ್ಲ. ಕೊಟ್ಟರೂ ಕುರ್ಚಿ ಹೊರುವುದು, ನೀರಿನ ಬಾಟಲಿ ಹಂಚುವುದು, ಚಪ್ಪಾಳೆ ತಟ್ಟುವುದು. ಮೈಕು ಹಿಡಿಯುವವರು ಯಾವಾಗಲೂ ಅದೇ ಇಬ್ಬರು. ಹೆಣ್ಣುಮಕ್ಕಳಿಗಂತೂ ಪ್ರಾರ್ಥನೆ, ಹೂಗುಚ್ಛ, ವಂದನಾರ್ಪಣೆ, ಈ ಮೂರು ಬಿಟ್ಟು ನಾಲ್ಕನೆಯದಿಲ್ಲ. ಬಸ್ಸಿನ ಮಾತು ಹೇಳಿದ ಆ ಸಹಪಾಠಿನಿಯನ್ನು ಮತ್ತೆ ಕರೆದಾಗ, ‘ಬಂದು ಏನು ಮಾಡಲಿ? ಆರತಿ ತಟ್ಟೆ ಹಿಡಿಯಲೇ?’ ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಈಗ ರಕ್ತದಾನಿಗಳ ಪಟ್ಟಿಯನ್ನು ಆಕೆಯೇ ನೋಡಿಕೊಳ್ಳುತ್ತಾಳೆ. ಯಾರ ಗುಂಪು ಯಾವುದು, ಯಾರು ಎಂದು ಕೊಟ್ಟರು. ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಕಳೆಯಿತೇ ಎಂಬುದೆಲ್ಲ ಆಕೆಯ ಲೆಕ್ಕದಲ್ಲಿದೆ. ಇದಕ್ಕೆ ನಾಲ್ಕೂವರೆಯ ಸಭೆ ಬೇಕಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೆ ಸಾಕು ಎನ್ನುತ್ತಾಳೆ. ಸಭೆಯಲ್ಲಿ ಕಾಣಿಸದ ಸದಸ್ಯೆಯೊಬ್ಬಳು ಸಂಘದಲ್ಲಿ ಅತ್ಯಂತ ಹೆಚ್ಚು ದುಡಿಯುತ್ತಿರುವಾಗ, ಹಾಜರಿ ಪುಸ್ತಕ ಏನನ್ನು ಅಳೆಯುತ್ತಿದೆ ಎಂದು ಕೇಳಿಕೊಳ್ಳಬೇಕಾಗಿದೆ.

ಷಿಕಾಗೋದವರ ಸರದಿಯ ಉಪಾಯವನ್ನು ನಾವೂ ಪ್ರಯೋಗಿಸಿ ನೋಡಿದೆವು. ತಿಂಗಳಿಗೊಂದು ಸಭೆ ದುರ್ಗದ ಹೊರಗೆ, ಯಾರಾದರೂ ಸದಸ್ಯರ ಊರಿನಲ್ಲಿ. ಮೊದಲನೆಯದು ಹೊಳಲ್ಕೆರೆಯಲ್ಲಿ, ಬಯಲಿನಲ್ಲಿ ಕುಳಿತ ದೊಡ್ಡ ಗಣಪತಿಯ ಸಮೀಪದ ಮರದ ನೆರಳಿನಲ್ಲಿ ನಡೆಯಿತು. ಹದಿನಾರು ಜನ ಬಂದಿದ್ದರು. ಗೆರೆ ಬಿದ್ದವರಲ್ಲಿಯೇ ಐದು ಮಂದಿ. ಎರಡನೆಯದು ನಮ್ಮ ಮನೆಯಲ್ಲಿ ಎಂದು ನಿಶ್ಚಯವಾದಾಗ ನಾನು ಒಳಗೊಳಗೆ ಹೆದರಿದೆ. ನಮ್ಮದು ಎರಡು ಅಂಕಣದ ಮನೆ. ಕುರ್ಚಿಗಳಿಲ್ಲ. ಅಟ್ಟದ ಮೇಲೆ ಮಲಗಿದ ಸಂಗತಿಯನ್ನು ಬಚ್ಚಿಟ್ಟವನು ಮನೆಯನ್ನು ಹೇಗೆ ಬಚ್ಚಿಡಲಿ?

ತಾಯಿ ಜಗಲಿಯ ಮೇಲೆ ಚಾಪೆ ಹಾಸಿ, ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬೋಂಡ ಕರಿದರು. ಕಾರ್ಯಕ್ರಮ ಪಟ್ಟಿಯನ್ನು ನಾನು ಓದತೊಡಗುವುದರೊಳಗೆ ಅವರು ಒಬ್ಬೊಬ್ಬರನ್ನೇ ವಿಚಾರಿಸಲು ಹಿಡಿದಿದ್ದರು. ಯಾವೂರು ಮಗ, ಅಪ್ಪ ಏನು ಮಾಡ್ತಾರೆ, ಮಳೆ ಆತಾ ನಿಮ್ಮ ಕಡೆ, ಯಾಕೆ ಇಷ್ಟು ಬಡವಾಗೀಯ, ಊಟ ಹಾಸ್ಟೆಲ್ಲಾಗೋ ರೂಮಿನಾಗೋ ಎಂದು. ತಟ್ಟೆ ಖಾಲಿಯಾಗುವಷ್ಟರಲ್ಲಿ, ಒಬ್ಬನ ತಂದೆ ತೀರಿಕೊಂಡು ಆರು ತಿಂಗಳಾಯಿತೆಂದೂ, ಒಬ್ಬಳಿಗೆ ಪರೀಕ್ಷೆ ಮುಗಿದ ಕೂಡಲೆ ಮದುವೆ ಮಾಡಲು ಮನೆಯವರು ಹೊರಟಿದ್ದಾರೆ, ಅವಳಿಗೆ ಬಿ.ಎಡ್. ಮಾಡುವ ಆಸೆಯೆಂದೂ, ನಮ್ಮ ಅಧ್ಯಕ್ಷನಿಗೇ ಎರಡು ವರ್ಷದಿಂದ ಹೊಟ್ಟೆನೋವೆಂದೂ ತಿಳಿಯಿತು. ಎರಡು ವರ್ಷ ಹಾಜರಿ ಪುಸ್ತಕ ಇಟ್ಟುಕೊಂಡವನಿಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ನಮ್ಮ ತಾಯಿಗೆ ಹೆಸರು ಬರೆಯುವಷ್ಟು ಮಾತ್ರ ಅಕ್ಷರ ಬರುತ್ತದೆ.

ಸಂಜೆ ಎಲ್ಲರನ್ನೂ ಬಸ್ಸು ಹತ್ತಿಸಿ ಬಂದಾಗ ಅವರು ಪಾತ್ರೆ ತೊಳೆಯುತ್ತಿದ್ದರು. ‘ನಾಲ್ಕು ತಾಲ್ಲೂಕಿನೋರು ಬರ್ತಾರೆ ಅಂದಿದ್ದೆ. ದುರ್ಗದೋರು ಬಂದ್ರು, ಹೊಳಲ್ಕೆರೆಯೋರು ಬಂದ್ರು. ಹಿರಿಯೂರಿನೋನು ಒಬ್ಬ ಅದಾನೆ ಅಂತಿದ್ದೆಲ್ಲ, ಯಾಕೆ ಬರ್ಲಿಲ್ಲ ಆ ಹುಡುಗ?’ ಎಂದು ಕೇಳಿದರು. ಅವನಿಗೆ ಭಾನುವಾರ ಬಿಡುವಿಲ್ಲ ಎಂದೆ. ‘ಮತ್ತೆ ಯಾವತ್ತು ಬಿಡುವು?’ ಎಂದರು.

ಸೋಮವಾರ ಮಧ್ಯಾಹ್ನ. ಮುಂದಿನ ಸಭೆಯನ್ನು ಹಿರಿಯೂರಿನಲ್ಲಿ ಸೋಮವಾರ ಮಧ್ಯಾಹ್ನವೇ ಗೊತ್ತುಮಾಡಿದ್ದೇವೆ. ಅದು ನನ್ನ ಕೊನೆಯ ಸಭೆ. ಪರೀಕ್ಷೆಯ ನಂತರ ಪುಸ್ತಕವನ್ನು ಬೇರೊಬ್ಬರಿಗೆ ಒಪ್ಪಿಸಬೇಕು. ಅವನೇ ತೆಗೆದುಕೊಳ್ಳುವನೋ ಎಂದು ಕೇಳಬೇಕೆಂದಿದ್ದೇನೆ. ಒಪ್ಪಿದರೆ ಕೆಂಪು ಪೆನ್ನನ್ನು ಮಾತ್ರ ಕೊಡುವುದಿಲ್ಲ.